ಮೂವತ್ತು ಚಾಕು, ಒಂದು ಕಸಿ ಬಾಕಿ

ಲೀಡರು ತಮ್ಮ ಹೆಂಡತಿಗೆ ಒಂದು ಕಸಿ ಬಾಕಿ ಉಳಿಸಿಕೊಂಡಿದ್ದಾರೆ. ದುಡ್ಡಿನ ಬಾಕಿಯಾಗಿದ್ದರೆ ಎಲ್ಲೋ ಕೈಸಾಲ ಮಾಡಿ ಬಿಸಾಕಬಹುದಿತ್ತು. ಇದು ಹಿತ್ತಲಿನ ಹುಳಿ ಕಿತ್ತಳೆ ಗಿಡಕ್ಕೆ ಕಟ್ಟಬೇಕಾದ ಕಸಿ. ಯಾರೋ ಉಗಿದ ಬೀಜದಿಂದ ತಾನಾಗಿ ಹುಟ್ಟಿ, ಮುಳ್ಳು ಬೆಳೆಸಿಕೊಂಡು, ಗೋಡೆಗಿಂತ ಎತ್ತರ ಆಗಿರುವ ಗಿಡ. ವರ್ಷಕ್ಕೊಮ್ಮೆ ಬಡ್ಡಿಯ ಹಾಗೆ ಬುಟ್ಟಿ ತುಂಬ ಕಾಯಿ ಬಿಡುತ್ತದೆ. ಒಂದು ಸಲ ಕುಕ್ಕಿದ ಕಾಗೆ ಆಮೇಲೆ ಆ ಬೀದಿಯನ್ನೇ ಬಿಟ್ಟು ಹೋಗಿದೆ ಎಂದು ನೆರೆಹೊರೆಯವರ ಹೇಳಿಕೆ.

ಲೀಡರು ಅಂದರೆ ಮಿಲ್ಲಿನ ಕಾರ್ಮಿಕರ ಲೀಡರು. ಮಿಲ್ಲು ಮುಚ್ಚಿ ಬಹಳ ಕಾಲವಾಯಿತು, ಲೀಡರು ಮುಚ್ಚಿಲ್ಲ (ಬಾಯಿ ಎಂದು ಸೇರಿಸಿ ಓದಿಕೊಳ್ಳಿ). ಅವರ ಹೆಂಡತಿ ಅದೇ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವಳು. ಮುಷ್ಕರದ ದಿನಗಳಲ್ಲಿ ಗೇಟಿನ ಮುಂದೆ ಕೂತರೆ ಪೊಲೀಸರೇ "ಅಕ್ಕಾ, ಸ್ವಲ್ಪ ದಾರಿ ಬಿಡಕ್ಕಾ" ಎಂದು ಬೇಡಿಕೊಳ್ಳುತ್ತಿದ್ದರು. ಅಂದಿನಿಂದ ಎಲ್ಲರಿಗೂ ಅವಳು ಅಕ್ಕ. ಗಂಡನಿಗೆ ಮಾತ್ರ "ಏ ಇವಳೇ".

ಮಿಲ್ಲು ಮುಚ್ಚಿದ ಮೇಲೆ ಲೀಡರ ಕೈಗೆ ಕೆಲಸವಿಲ್ಲದೆ ತುರಿಕೆ ಶುರುವಾಯಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಮಡಿಚುವ ಚಾಕು ಸಿಕ್ಕಿತು. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಅಲಗು, ಕೊಂಬಿನ ಹಿಡಿ. ತೋಟದ ಮಾಲಿಗಳು ಗಿಡ ಸವರುತ್ತಿದ್ದ ಚಾಕು ಅದು, ಅವರ ಅಜ್ಜನ ಕಾಲದ್ದು. ಅಷ್ಟೇ, ಹುಚ್ಚು ಹಿಡಿಯಿತು. ಆಮೇಲೆ ಕಸಿ ಕಟ್ಟುವ ನೆಟ್ಟಲಗಿನ ಚಾಕುಗಳು ಬಂದವು. ಅವುಗಳ ಹಿಂಬದಿಯಲ್ಲಿ ತೊಗಟೆ ಎಬ್ಬಿಸಲೆಂದು ಮೂಳೆಯ ಪುಟ್ಟ ನಾಲಿಗೆ. ಎಣಿಸಿದರೆ ಮೂವತ್ತು. ಸಂಘದ ಹಳೇ ಕೆಂಪು ಬ್ಯಾನರನ್ನು ಸೂಟ್‌ಕೇಸಿನ ಒಳಗೆ ಹಾಸಿ, ಅದಕ್ಕೆ ಅಕ್ಕನ ಕೈಯಲ್ಲೇ ಎಲಾಸ್ಟಿಕ್ ಹೊಲಿಸಿ, ಚಾಕುಗಳನ್ನು ಸಾಲಾಗಿ ಮಲಗಿಸಿದರು. ಮುಚ್ಚಳ ತೆಗೆದರೆ ಚಾಕುಗಳ ಸಂದಿಯಿಂದ "ದುಡಿಯುವ ಕೈಗಳಿಗೆ" ಎಂಬಷ್ಟು ಇಂದಿಗೂ ಓದಲು ಬರುತ್ತದೆ. ಮುಂದಿನದು ಮಡಿಕೆಯೊಳಗೆ ಹೋಗಿದೆ.

ಕಾನೂನು ಒಂದೇ: ಯಾರೂ ಮುಟ್ಟಬಾರದು. ನೀರು ತಾಗಬಾರದು, ಗಿಡದ ಹಾಲು ತಾಗಬಾರದು, ಸಾಣೆಯ ಗಾಳಿಯೂ ಸೋಕಬಾರದು.

"ರೀ, ಒಂದು ಚಾಕು ಕೊಡಿ. ನಮ್ಮ ಅಡುಗೆಮನೆ ಚಾಕು ಟೊಮೇಟೊ ಕೊಯ್ಯಲ್ಲ, ಹಿಸುಕುತ್ತೆ."

"ಅವು ಟೊಮೇಟೊ ಕೊಯ್ಯೋ ಚಾಕು ಅಲ್ಲ ಕಣೇ. ಗಿಡ ಸವರೋವು, ಕಸಿ ಕಟ್ಟೋವು."

"ಹಾಗಾದ್ರೆ ಹಿತ್ತಲ ಗಿಡಕ್ಕೆ ಕಟ್ಟಿ."

"ಕಟ್ಟಿದ್ರೆ ಬೆಲೆ ಬಿದ್ದು ಹೋಗುತ್ತೆ."

"ಅಂದ್ರೆ ಕೆಲಸ ಮಾಡದೆ ಮಲಗಿದ್ರೇನೇ ಬೆಲೆ. ನಮ್ಮ ಮಿಲ್ಲಿನ ಮ್ಯಾನೇಜರನ್ನೂ ಆ ಪೆಟ್ಟಿಗೇಲಿ ಮಲಗಿಸಬಹುದಿತ್ತು ಬಿಡಿ."

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಮೂವತ್ತು ಚಾಕು ಇರುವ ಮನೆಯಲ್ಲಿ ಅಕ್ಕ ಟೊಮೇಟೊವನ್ನು ಕೈಯಿಂದಲೇ ಚಿವುಟುತ್ತಿದ್ದಳು. ಆದರೂ ಹೇಗೋ ಸಂಸಾರ ಸಾಗುತ್ತಿತ್ತು. ಎಡವಟ್ಟಾಗಿದ್ದು ಪಕ್ಕದ ಮನೆ ಮಾರಾಟವಾದಾಗ.

ಪಕ್ಕದ ಮನೆಯಲ್ಲಿದ್ದದ್ದು ನಿವೃತ್ತ ಪೋಸ್ಟ್ ಮೇಡಂ. ಅವರ ಅಂಗಳದಲ್ಲಿ ಒಂದು ಕಿತ್ತಳೆ ಮರ. ಹಣ್ಣಿನ ಸಿಪ್ಪೆ ಅಂಗಿ ಬಿಚ್ಚಿದ ಹಾಗೆ ಸಡಿಲವಾಗಿ ಬರುತ್ತಿತ್ತು, ತೊಳೆ ಬಾಯಿಗಿಟ್ಟರೆ ಬೇಸಗೆಯ ದಾಹವೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಗೋಡೆಯ ಮೇಲಿಂದ ಕೈ ಚಾಚಿ ಅದನ್ನು ತಿಂದೇ ಅಕ್ಕ ಎಷ್ಟೋ ಬೇಸಗೆ ದಾಟಿದ್ದಳು. ಮನೆ ಕೊಂಡವನಿಗೆ ಮರ ಬೇಡ, ಕಾರು ನಿಲ್ಲಿಸಲು ಜಾಗ ಬೇಕು. ಸೋಮವಾರ ಕೊಡಲಿ ಬರುತ್ತದೆ ಎಂದಾಗ ಮೇಡಂ ಒಂದು ಹಿಡಿ ಕಡ್ಡಿ ಕೊಯ್ದು, ಎಲೆ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟರು.

"ಮರ ಹೋದ್ರೂ ಜಾತಿ ಉಳೀಲಿ. ನಿಮ್ಮ ಹುಳಿ ಗಿಡಕ್ಕೆ ಕಟ್ಟಿಸಿಬಿಡು. ಕಡ್ಡಿ ಒಣಗಿದ್ರೆ ಮುಗೀತು ನೋಡು."

ಅಕ್ಕ ಗಂಟನ್ನು ತಂದು ಗಂಡನ ಮುಂದಿಟ್ಟಳು. ಲೀಡರು ಕಸಿಯ ಬಗೆಗಳ ಮೇಲೆ ಒಂದು ದೀರ್ಘ ಭಾಷಣ ಮಾಡಿದರು. ಭಾಷಣ ಮುಗಿದ ಮೇಲೆ "ಭಾನುವಾರ ಕಳೀಲಿ" ಅಂದರು.

"ಯಾಕೆ?"

"ಭಾನುವಾರ ಹಲ್ಲಿನ ಡಾಕ್ಟರು ಬರ್ತಾರೆ, ಅವರ ಹತ್ರಾನೂ ಹಳೇ ಚಾಕು ಇವೆ. ನನ್ನ ಕೊಂಬಿನ ಹಿಡಿ ಚಾಕಿಗೆ ಅವರ ಎರಡಲಗಿನದು ಬದಲು ಮಾಡ್ಕೊಳ್ಳೋ ಮಾತಾಗಿದೆ. ಒಂದು ಕಡೆ ಸವರೋ ಅಲಗು, ಇನ್ನೊಂದು ಕಡೆ ಕಸಿ ಅಲಗು! ಅಂಥದ್ದು ಜನ್ಮದಲ್ಲಿ ಒಂದೇ ಸಲ ಸಿಗೋದು. ಅದಕ್ಕೆ ಮುಂಚೆ ಚಾಕಿಗೆ ಕಲೆಯಾದ್ರೆ ಡಾಕ್ಟರು ಮೂಸಿ ನೋಡಲ್ಲ."

"ಅಷ್ಟರಲ್ಲಿ ಕಡ್ಡಿ ಒಣಗುತ್ತಲ್ರೀ!"

"ನಿನ್ನ ಬೇಡಿಕೆ ಪರಿಶೀಲನೆಯಲ್ಲಿದೆ."

ಈ ಮಾತು ಲೀಡರ ಬಾಯಿಂದ ಬಂದದ್ದೇ ತಡ, ಅಕ್ಕ ಎದ್ದು ಹೋಗಿ ಸೂಟ್‌ಕೇಸಿನ ಮೇಲೆ ಕೂತಳು. ಮಿಲ್ಲಿನ ಗೇಟಿನ ಮುಂದೆ ಕೂರುತ್ತಿದ್ದ ಅದೇ ಭಂಗಿ. ಕಾಲು ಮಡಿಚಿ, ಸೆರಗು ಬಿಗಿದು. ಒಲೆ ಹಚ್ಚಲಿಲ್ಲ. ಲೀಡರು ಮೊದಲು ನಕ್ಕರು, ಆಮೇಲೆ ಬೆದರಿಸಿದರು, ಆಮೇಲೆ ತಾವೇ ಚಹಾ ಮಾಡಿ ತಂದು ಸಂಧಾನಕ್ಕೆ ಕರೆದರು. ಅಕ್ಕ ಚಹಾ ಕುಡಿದಳು, ಏಳಲಿಲ್ಲ.

"ಇದು ಕಾನೂನುಬಾಹಿರ ಧರಣಿ!" ಎಂದು ಲೀಡರು ಕೂಗಿದರು.

"ಈ ಮಾತು ಹೋದ ಸಲ ಯಾರು ಅಂದಿದ್ರು ಜ್ಞಾಪಕ ಇದೆಯಾ?"

ಜ್ಞಾಪಕವಿತ್ತು. ಲೀಡರ ಮುಖ ಬೆಂದ ಬದನೆಕಾಯಿಯಂತಾಯಿತು. ಭಾನುವಾರ ಬೆಳಿಗ್ಗೆ, ಡಾಕ್ಟರು ಬರುವುದರೊಳಗೆ ಕಸಿ ಕಟ್ಟುವುದೆಂದು ಒಪ್ಪಂದವಾಯಿತು.

ಇಲ್ಲಿ ಮುಷ್ಕರ ಗೆದ್ದವರೆಲ್ಲ ಮಾಡುವ ತಪ್ಪನ್ನೇ ಅಕ್ಕನೂ ಮಾಡಿದಳು. ಗೆದ್ದೆ ಅಂದುಕೊಂಡು ಗೇಟು ಬಿಟ್ಟು ಒಳಗೆ ಹೋದಳು, ಬರುವ ಅತಿಥಿಗೆ ತಿನ್ನಲು ಏನಾದರೂ ಮಾಡೋಣವೆಂದು.

ಲೀಡರು ಹಿತ್ತಲಲ್ಲಿ ಒಬ್ಬರೇ. ರೆಂಬೆ ಸವರುವಷ್ಟು ಹರಿತ ಉಳಿದದ್ದು ಕೊಂಬಿನ ಹಿಡಿಯ ಚಾಕಿಗೆ ಮಾತ್ರ. ಬೇರೆ ದಾರಿಯಿಲ್ಲದೆ ಅದನ್ನೇ ತೆಗೆದು ಕಣ್ಣಿಗೊತ್ತಿಕೊಂಡು, ಹುಳಿ ಗಿಡದ ಒಂದು ರೆಂಬೆ ಸವರಿದರು. ಅಲಗಿನ ಮೇಲೆ ಹಸಿರು ಕಲೆ! ಒರೆಸಲು ಪಂಚೆಯ ಅಂಚು ಸಾಲದು, ಹತ್ತಿರದಲ್ಲಿದ್ದದ್ದು ಕಡ್ಡಿ ಸುತ್ತಿದ ಒದ್ದೆ ಬಟ್ಟೆ. ಸರ್ರನೆ ಎಳೆದರು. ಕಡ್ಡಿಗಳು ಉರುಳಿ, ಸವರಿ ಬಿದ್ದ ರೆಂಬೆಯ ಮೇಲೆ ಬಿದ್ದವು. ಲೀಡರು ಅಲಗು ಒರೆಸಿದರು. ಇನ್ನೊಂದು ರೆಂಬೆ ಸವರಿದರು, ಇನ್ನೊಮ್ಮೆ ಒರೆಸಿದರು. ಕೈಗೆ ಚುಚ್ಚದಿರಲೆಂದು ಬಿದ್ದ ರೆಂಬೆಗಳ ಮುಳ್ಳನ್ನೂ ಎಲೆಯನ್ನೂ ಕೆತ್ತಿ ಹಾಕಿದರು, ಮತ್ತೆ ಒರೆಸಿದರು. ಹಸುಗೂಸಿಗೆ ಸ್ನಾನ ಮಾಡಿಸಿದವರೂ ಅಷ್ಟು ಒರೆಸುವುದಿಲ್ಲ. ಕೊನೆಗೆ ನೆಟ್ಟಲಗಿನ ಚಾಕು ತೆಗೆದು, ಮೂಳೆಯ ನಾಲಿಗೆಯಿಂದ ತೊಗಟೆ ಎಬ್ಬಿಸಿ, ಕೈ ಚಾಚಿದಾಗ ಸಿಕ್ಕ ನೆಟ್ಟಗಿನ ಕಡ್ಡಿಯೊಂದನ್ನು ಒಳಗೆ ಕೂರಿಸಿ, ಬಿಗಿಯಾಗಿ ಕಟ್ಟಿದರು. ಅವರ ಕಣ್ಣು ಅಷ್ಟು ಹೊತ್ತೂ ಚಾಕಿನ ಮೇಲೇ ಇತ್ತು. ಕಡ್ಡಿಯನ್ನು ನೋಡಿದವರು ಯಾರೂ ಇಲ್ಲ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಕೊಂಬಿನ ಹಿಡಿಯ ಚಾಕನ್ನು ಬೆಳಕಿಗೆ ಹಿಡಿದು, ದವಡೆ ಪರೀಕ್ಷಿಸುವವರ ಹಾಗೆ ಇಣುಕಿ, "ಓಹೋ, ಈಗಷ್ಟೇ ಕೆಲಸ ಮಾಡಿದೆಯಲ್ಲ!" ಅಂದರು.

ಲೀಡರು ಚಾಕು ವಾಪಸ್ ಪಡೆಯಲು ಕೈ ಚಾಚಿದರು. "ಇಲ್ಲ, ಅದು... ಸುಮ್ಮನೆ..."

"ಒಳ್ಳೇದಾಯ್ತು ಮಾರಾಯರೇ! ಕೊಯ್ಯದ ಚಾಕು ತಗೊಂಡು ಏನ್ ಮಾಡ್ಲಿ? ನಮ್ಮ ಮನೇಲೂ ಇಂಥದೇ ಒಂದು ಹುಳಿ ಗಿಡ ಇದೆ. ಈ ಕಸದಿಂದ ಎರಡು ಕಡ್ಡಿ ತಗೊಳ್ಳಲಾ? ಕೈ ಪಳಗಿಸಿ ನೋಡ್ತೀನಿ."

"ತಗೊಳ್ಳಿ, ತಗೊಳ್ಳಿ. ಕಸ ತಾನೇ" ಅಂದರು ಲೀಡರು, ಉದಾರವಾಗಿ. (ಒಳಗೊಳಗೆ: ಚಾಕಿನಿಂದ ಕೆಲಸ ತೆಗೆಯುವ ಇಂಥ ಅನಾಗರಿಕನ ಕೈಗೆ ನನ್ನ ಕೂಸನ್ನು ಕೊಟ್ಟೆನಲ್ಲ!)

ಎರಡಲಗಿನ ಚಾಕು ಸೂಟ್‌ಕೇಸು ಸೇರಿತು. ಉಳಿದ ಕಡ್ಡಿಗಳು ಒಲೆ ಸೇರಿದವು. ಸೋಮವಾರ ಪಕ್ಕದ ಮರ ಬಿತ್ತು. ಅಕ್ಕ ಅಳಲಿಲ್ಲ, "ನಮ್ಮಲ್ಲಿದೆ ಬಿಡು" ಅಂದಳು.

ಕಸಿ ಹತ್ತಿತು ನೋಡಿ! ತಿಂಗಳೊಳಗೆ ಚಿಗುರು. ಲೀಡರು ಬೀದಿಯಲ್ಲಿ ಎದೆ ಮುಂದೆ ಮಾಡಿ ನಡೆದರು.

"ರೀ, ಚಿಗುರಲ್ಲಿ ಮುಳ್ಳು ಜಾಸ್ತಿ ಇದೆಯಲ್ಲ? ಮೇಡಂ ಮರಕ್ಕೆ ಇರಲಿಲ್ಲ."

"ಮುಳ್ಳಿಲ್ಲದ ಹೋರಾಟ ಯಾವುದಿದೆ?"

ಎರಡು ವರ್ಷಕ್ಕೆ ಆ ಕೊಂಬೆಯಲ್ಲಿ ಹಣ್ಣಾಯಿತು. ಲೀಡರು ಮೊದಲ ಹಣ್ಣು ಕಿತ್ತು, ಬೀದಿಯವರನ್ನು ಕರೆದು, ತಾಳ್ಮೆಯ ಮಹತ್ವ ಕುರಿತು ಎರಡು ಮಾತಾಡಿ, ಇಡೀ ತೊಳೆ ಬಾಯಿಗೆ ಹಾಕಿ ಕಚಕ್ಕನೆ ಕಚ್ಚಿದರು. ಒಂದು ಕಣ್ಣು ಮುಚ್ಚಿತು. ಎರಡನೆಯದೂ ಮುಚ್ಚಿತು. ಹುಳಿ ಹೋಗಿ ಹಳೇ ಹುಳುಕು ಹಲ್ಲಿನ ಬೇರಿಗೆ ತಾಗಿ, ಲೀಡರು ಕೂಗಿದ ಕೂಗನ್ನು ಕೆಲವರು ಘೋಷಣೆ ಎಂದುಕೊಂಡು ಕೈಯೆತ್ತಿ "ಜಿಂದಾಬಾದ್" ಅಂದರು.

ಅಕ್ಕ ಅವರನ್ನು ಎಳೆದುಕೊಂಡು ಹಲ್ಲಿನ ಡಾಕ್ಟರ ಬಳಿ ಹೋದಳು. ಡಾಕ್ಟರು ಲೀಡರನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿ ತೆರೆಸಿ, ಎರಡು ಕಡೆ ಹತ್ತಿ ತುರುಕಿ, ಅಕ್ಕನ ಕಡೆ ಒಂದು ತಟ್ಟೆ ಸರಿಸಿದರು.

"ಕೂತಿರಿ ಅಕ್ಕಾ. ನಮ್ಮ ಗಿಡದ ಹಣ್ಣು, ತಗೊಳ್ಳಿ."

ಅಕ್ಕ ಬೆರಳಿಟ್ಟಳು. ಸಿಪ್ಪೆ ಅಂಗಿ ಬಿಚ್ಚಿದ ಹಾಗೆ ಬಂತು. ಒಂದು ತೊಳೆ ತಿಂದಳು. ಇನ್ನೊಂದು ತಿಂದಳು. ಅಗಿಯುವುದು ನಿಂತಿತು.

"ಡಾಕ್ಟ್ರೇ, ಇದು ಪೋಸ್ಟ್ ಮೇಡಂ ಹಣ್ಣು."

"ಯಾವ ಮೇಡಮ್ಮೋ ಗೊತ್ತಿಲ್ಲಕ್ಕಾ. ನಿಮ್ಮ ಯಜಮಾನರು ಕಸ ಅಂತ ಕೊಟ್ರಲ್ಲ, ಅದೇ ಕಡ್ಡಿ. ಅವತ್ತು ಸಂಜೇನೇ ಅವರ ಕೊಂಬಿನ ಚಾಕಲ್ಲಿ ಕೊಯ್ದು ಕಟ್ಟಿದೆ. ಎರಡರಲ್ಲಿ ಒಂದು ಹತ್ತಿತು. ಎಂಥಾ ಚಾಕು ಅಂತೀರಿ!"

ಅಕ್ಕ ನಿಧಾನಕ್ಕೆ ಕುರ್ಚಿಯ ಕಡೆ ತಿರುಗಿದಳು. ಜೀವಮಾನವಿಡೀ ಯಾವ ಮಾಲೀಕನಿಗೂ ಉತ್ತರ ಬಾಕಿ ಉಳಿಸದ ಬಾಯಿ ಪೂರ್ತಿ ತೆರೆದಿತ್ತು. ಒಳಗೆ ಹತ್ತಿ, ಕನ್ನಡಿ, ಡಾಕ್ಟರ ಎರಡು ಬೆರಳು.

"ಆ... ಆಆ... ಆ!" ಅಂದರು ಲೀಡರು.

"ಏನಂತಾರೆ?" ಡಾಕ್ಟರು ಕೇಳಿದರು.

"ಬೇಡಿಕೆ ಪರಿಶೀಲನೆಯಲ್ಲಿದೆಯಂತೆ" ಅಂದಳು ಅಕ್ಕ.

ಡಾಕ್ಟರಿಗೆ ಅಕ್ಕನಿಂದ ವಿಷಯ ತಿಳಿದು ನಗು ತಡೆಯಲಾಗಲಿಲ್ಲ. "ಬೇಕಾದಷ್ಟು ಕಡ್ಡಿ ಕೊಡ್ತೀನಿ ಅಕ್ಕಾ. ಬೇಕಾದ್ರೆ ನಾನೇ ಬಂದು ಕಟ್ತೀನಿ. ಕೂಲಿ ಅಂತ ಆ ಎರಡಲಗಿನ ಚಾಕು ವಾಪಸ್ ಕೊಟ್ರೆ ಸಾಕು."

ಬಾಯಿಗೆ ಬಾರದ ಮಾತು ಲೀಡರ ಕುತ್ತಿಗೆಗೆ ಬಂತು. ಆಗುವುದಿಲ್ಲವೆಂದು ಅದು ಎಷ್ಟು ಜೋರಾಗಿ ಅಲ್ಲಾಡಿತೆಂದರೆ ಕನ್ನಡಿ ಹಾರಿ ಕೆಳಗೆ ಬಿತ್ತು.

"ಬೇಡ ಡಾಕ್ಟ್ರೇ" ಅಂದಳು ಅಕ್ಕ. "ಬಾಕಿ ಇರೋದು ಇವರದು. ಮಾಲೀಕ ಉಳಿಸ್ಕೊಂಡ ಕೂಲೀನ ಪಕ್ಕದ ಮಷಿನ್ನಿನವನ ಹತ್ರ ಇಸ್ಕೊಳ್ಳೋದು ಯಾವ ನ್ಯಾಯ? ಇವರೇ ಕಟ್ಟಬೇಕು."

ಈಗ ಹೊಸ ಕಡ್ಡಿಗಳು ಒದ್ದೆ ಬಟ್ಟೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲಿವೆ. ಅಕ್ಕ ಸೂಟ್‌ಕೇಸಿನ ಮೇಲಿದ್ದಾಳೆ. ಲೀಡರು ಊದಿದ ಕೆನ್ನೆ ಹಿಡಿದುಕೊಂಡು "ನಾಳೆ" ಎನ್ನುತ್ತಿದ್ದಾರೆ. ಕಡ್ಡಿಗೆ ನಾಳೆಗಳು ಹೆಚ್ಚಿಲ್ಲ.

ಆದ್ದರಿಂದ ಇದನ್ನು ಓದಿ ನಗುತ್ತ ಕೂತಿರುವ ನೀವು, ಏಳಿ. ಬನ್ನಿ, ಆ ಹಿತ್ತಲ ಬಾಗಿಲಲ್ಲಿ ಕೂರಿ. ಚಾಕು ತರಬೇಡಿ, ಆ ಮನೆಯಲ್ಲಿ ಬೇಕಾದಷ್ಟಿವೆ. ಚಹಾ ಕೊಟ್ಟರೆ ಕುಡಿಯಿರಿ, ಭಾಷಣ ಮಾಡಿದರೆ ಆಕಳಿಸಿ, ಗೆದ್ದೆವೆಂದು ಮಾತ್ರ ಒಳಗೆ ಹೋಗಬೇಡಿ. ಕಸಿ ಕಟ್ಟಿ ಗಂಟು ಬೀಳುವ ತನಕ ಅಲ್ಲೇ ಇರಿ. ನಡುವೆ ಲೀಡರು ಅಲಗು ಒರೆಸಲೆಂದು ಒದ್ದೆ ಬಟ್ಟೆಗೆ ಕೈ ಚಾಚುತ್ತಾರೆ. ಆ ಕೈ ಹಿಡಿಯಿರಿ. ಬಿಡಬೇಡಿ.