ನನ್ನ ಬಿಕ್ಕು, ನನ್ನ ಹಕ್ಕು

ನನ್ನ ಕಂಠದ ಬಗ್ಗೆ ಲೋಕಕ್ಕೆ ಒಳ್ಳೆಯ ಅಭಿಪ್ರಾಯವಿಲ್ಲ. ಲೋಕದ ಅಭಿಪ್ರಾಯದ ಬಗ್ಗೆ ನನಗೂ ಇಲ್ಲ. ಧಾರವಾಡದಲ್ಲಿ ಸಂಗೀತ ಕಲಿಯಲು ಹೋದಾಗ ಗುರುಗಳು ಮೂರೇ ತಿಂಗಳಿಗೆ, "ತಮ್ಮಾ, ನೀ ಹಾಡಾಕತ್ತೀಯೋ ಅಳಾಕತ್ತೀಯೋ?" ಎಂದು ಕೇಳಿದ್ದರು. ಮೇಲಿನ ಸ್ವರಕ್ಕೆ ಹೋದೊಡನೆ ನನ್ನ ದನಿ ಒಮ್ಮೆ ಬಿಕ್ಕುತ್ತದೆ. ಆ ಬಿಕ್ಕನ್ನು ಮೆಲ್ಬರ್ನ್‌ಗೂ ತಂದೆ. ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸ, ಕಾಲ್‌ಫೀಲ್ಡ್‌ನಲ್ಲಿ ಬಾಡಿಗೆ ಮನೆ; ಮನೆಯ ಬಚ್ಚಲೊಂದೇ ನನ್ನ ಸಭಾಂಗಣ.

ಬಚ್ಚಲ ಗೋಡೆಯ ಆಚೆ ಮೆಂಡೆಲ್ ಅಂಕಲ್ ಇದ್ದರು. ಯಹೂದಿಗಳ ಸಿನಗಾಗ್‌ನಲ್ಲಿ ಮೂವತ್ತು ವರ್ಷ ಪ್ರಾರ್ಥನೆ ಹಾಡಿ ನಿವೃತ್ತರಾದವರು. ಅಂಥವರನ್ನು ಅವರ ಯಿಡ್ಡಿಶ್ ಭಾಷೆಯಲ್ಲಿ ಖಜನ್ ಎನ್ನುತ್ತಾರೆ. ಒಂದು ಬೆಳಿಗ್ಗೆ ಅವರು ಬಾಗಿಲು ಬಡಿದಾಗ, ಜಗಳಕ್ಕೇ ಬಂದರೆಂದು ಟವೆಲ್ಲಿನಲ್ಲೇ ಸಜ್ಜಾಗಿ ನಿಂತೆ. ಅವರು ಕೇಳಿದ್ದು, "ಆ ಕ್ರೆಖ್ಟ್ಸ್ ನಿನಗೆ ಯಾರು ಕಲಿಸಿದರು?" ಎಂದು. ಹಾಡಿನ ನಡುವೆ ಎದೆಯಿಂದ ಏಳುವ ನರಳಿಕೆಗೆ ಅವರಲ್ಲಿ ಆ ಹೆಸರಂತೆ. ನಮ್ಮ ತಾನದ ಹಾಗೆ ಸ್ವರವನ್ನು ಸುತ್ತಿಸುವ ಡ್ರೇಡ್ಲೆಖ್ ಕಲಿತರೆ ಬರುತ್ತದೆ, ಕ್ರೆಖ್ಟ್ಸ್ ಮಾತ್ರ ಹುಟ್ಟಿನಿಂದ ಬರಬೇಕು ಎಂದರು. ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎನ್ನುತ್ತದೆ ನಮ್ಮ ಗಾದೆ. ಇವರಲ್ಲಿ ನರಳುವುದೇ ರಾಗ! ಇಷ್ಟು ವರ್ಷದ ಅವಮಾನಕ್ಕೆ ಒಂದು ಗೌರವದ ಹೆಸರು ಸಿಕ್ಕಿತೆಂದು ನನಗೆ ಕಣ್ಣು ತುಂಬಿ ಬಂತು.

ಇಲ್ಲಿನ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಹಾಡಲು ಹೆಸರು ಕೊಟ್ಟೆ. ಕಾರ್ಯದರ್ಶಿಗಳು ಫೋನ್ ಮಾಡಿ, "ಸರ್, ತಪ್ಪು ತಿಳ್ಕೋಬೇಡಿ, ಹಬ್ಬ ಅಲ್ವಾ, ಸ್ವಲ್ಪ ಹ್ಯಾಪಿಯಾಗಿರೋ ಐಟಮ್ಸ್ ಇಟ್ಟಿದೀವಿ. ನೀವು ಪಾರ್ಕಿಂಗ್ ನೋಡ್ಕೊಳ್ತೀರಾ?" ಎಂದರು. ಹೆಂಡತಿಯೂ ಅವರ ಪಕ್ಷವೇ. "ಹಬ್ಬದ ದಿನಾ ಯಾಕ್ರೀ ಮಂದೀನ ಅಳಸ್ತೀರಿ?" ಎಂದಳು. ಈಗ ಹಾಡದಿದ್ದರೆ ಈ ಜನ್ಮಕ್ಕೆ ಬಚ್ಚಲೇ ಗತಿ ಎಂದು ನನಗೆ ಗೊತ್ತಿತ್ತು. ಪಾರ್ಕಿಂಗೂ ನೋಡುತ್ತೇನೆ, ಹಾಡಿಯೂ ಹಾಡುತ್ತೇನೆ ಎಂದು ಹಟ ಹಿಡಿದು ಗೆದ್ದೆ.

ಹಬ್ಬದ ದಿನ ವೇದಿಕೆ ಹತ್ತಿದವನೇ ಮೇಲಿನ ಷಡ್ಜಕ್ಕೆ ಹೋಗಿ, ಬೇಕೆಂದೇ ಮೂರು ಸಲ ಬಿಕ್ಕಿದೆ. ಮುಂದಿನ ಸಾಲಿನ ಆಂಟಿಯೊಬ್ಬರು ವೇದಿಕೆಗೇ ಬಂದು ನನ್ನ ಕೈ ಹಿಡಿದು, "ಊರಿಂದ ಯಾವಾಗ ಫೋನ್ ಬಂತಪ್ಪಾ? ಮನೆಯವ್ರ ಹತ್ರ ಮಾತಾಡ್ಬೇಕಾ? ನನ್ನ ಕಾಲಿಂಗ್ ಕಾರ್ಡಲ್ಲಿ ಇನ್ನೂ ಮಿನಿಟ್ಸ್ ಇದೆ" ಎಂದರು. ನಾನೇ ಕರೆತಂದಿದ್ದ ಮೆಂಡೆಲ್ ಅಂಕಲ್ ಕೂಡ ತಲೆ ಅಡ್ಡಡ್ಡ ಆಡಿಸಿದರು. ಖಜನ್ ಆದವನು ಕೇಳುವವರ ಪರವಾಗಿ ಅಳಬೇಕಂತೆ. "ನೀನು ನಿನಗಾಗಿ ಅತ್ತೆ" ಎಂದರು.

ಅವರು ಹೇಳಿದ್ದು ಸರಿ, ಒಪ್ಪುತ್ತೇನೆ. ಹಾಗೆಂದು ಬಿಡುವ ಆಸಾಮಿ ನಾನಲ್ಲ. ಮರುವರ್ಷ ಕಾರ್ಯದರ್ಶಿಯಾಗಲು ಯಾರೂ ಮುಂದೆ ಬರಲಿಲ್ಲ, ನಾನೇ ಆದೆ. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹಾಡು ಎಲ್ಲರಿಗಿಂತ ಕೊನೆಗಿದೆ. ಹೋಳಿಗೆ ಬಡಿಸುವುದು ಅದು ಮುಗಿದ ಮೇಲೆ.