ಮೂರು ವರ್ಷಕ್ಕೆ ಮೂರು ತಿಂಗಳು ಕಮ್ಮಿ

ಕಾಗದ ಬಂದದ್ದು ಲಿಫ್ಟಣ್ಣನಿಗೆ. ಮೊದಲು ಓದಿದ್ದು ಟೈಲರಕ್ಕ. ಅಂಚೆಯವನು ತಪ್ಪಿ ಅದನ್ನು ಅವಳ ಅಂಗಡಿಯ ಬಾಗಿಲಡಿ ತೂರಿಸಿದ್ದ. ಲಕೋಟೆ ತಾನಾಗಿಯೇ ಬಿಚ್ಚಿಕೊಂಡಿತೆಂದು ಆಕೆಯ ಹೇಳಿಕೆ. ಬೆಳಿಗ್ಗೆ ಎಂಟಕ್ಕೆ ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ಲಿಫ್ಟಣ್ಣ ಕೆಳಗಿಳಿಯುವಷ್ಟರಲ್ಲಿ ನಾಲ್ಕೂ ಮಹಡಿಗೆ ಸುದ್ದಿ ಮುಟ್ಟಿಯಾಗಿತ್ತು.

"ನಿಮ್ಮನ್ನ ದೇಶದಿಂದ ಆಚೆ ಹಾಕ್ತಾರಂತೆ ಅಣ್ಣಾ," ಎಂದಳು ಟೈಲರಕ್ಕ, ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆಯದೆ.

ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಬೇರೆ ದೇಶದಿಂದ ಬಂದವನು ಈ ದೇಶದವಳನ್ನು ಮದುವೆಯಾಗಿ, ಆ ಮದುವೆಯ ಬಲದ ಮೇಲೆ ಇಲ್ಲಿರುವ ಪರವಾನಗಿ ಪಡೆದಿದ್ದ. ಹೋದ ತಿಂಗಳು ವಿಚ್ಛೇದನವಾಗಿತ್ತು. ಕಾಗದದ ಸಾರಾಂಶ ಇಷ್ಟು: ವಿಚ್ಛೇದನದ ಮೇಲೂ ಇಲ್ಲೇ ಇರಬೇಕಾದರೆ ಗಂಡ ಹೆಂಡತಿ ಕನಿಷ್ಠ ಮೂರು ವರ್ಷ ಒಂದೇ ಸೂರಿನಡಿ ಬಾಳಿರಬೇಕು. ಸಾಕ್ಷಿಗಳೊಂದಿಗೆ ಇಂದು ಮಧ್ಯಾಹ್ನ ಎರಡಕ್ಕೆ ಹಾಜರಾಗಿ. ತಪ್ಪಿದರೆ ಮೂವತ್ತು ದಿನದಲ್ಲಿ ದೇಶ ಬಿಡಿ.

"ಬಿಡಲ್ಲ," ಎಂದ ಲಿಫ್ಟಣ್ಣ. "ಮದುವೆಯಾಗಿ ಬೇರೆಯಾಗೋ ಹೊತ್ತಿಗೆ ಮೂರು ವರ್ಷ ಒಂದು ತಿಂಗಳು. ಇದು ನನ್ನ ಹಕ್ಕು. ಯಾರ ಕಾಲೂ ಹಿಡಿಯಲ್ಲ."

"ಭೇಷ್! ಸಾಕ್ಷಿ ಹೇಳೋಕೆ ನಾವಿದ್ದೀವಿ," ಎಂದು ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲ ಮೇಲಿಂದಲೇ ಘೋಷಿಸಿದರು.

ಲಿಫ್ಟಣ್ಣನಿಗೆ ಆಗಲೇ ಭಯವಾಗಬೇಕಿತ್ತು.

ಕಚೇರಿಯಲ್ಲಿ ಅಧಿಕಾರಿ ಮೇಡಂ ಕಡತ ತಿರುವಿ, ಕನ್ನಡಕ ಮೂಗಿನ ತುದಿಗೆ ಜಾರಿಸಿದರು. "ಹೋದ ವರ್ಷ ನಾಲ್ಕು ತಿಂಗಳು ಬೇರೆ ವಿಳಾಸ ಕೊಟ್ಟಿದ್ದೀರಲ್ಲ?"

"ಅದು ಲಿಫ್ಟಿನ ಮೆಷಿನ್ ರೂಮು ಮೇಡಂ. ಹೆಂಡತಿ ಜೊತೆ ಜಗಳ ಆಡ್ಕೊಂಡು ಅಲ್ಲಿ ಮಲಗ್ತಿದ್ದೆ."

"ಹಾಗಾದ್ರೆ ನಾಲ್ಕು ತಿಂಗಳು ವಜಾ. ಮೂರು ವರ್ಷಕ್ಕೆ ಮೂರು ತಿಂಗಳು ಕಮ್ಮಿಯಾಯ್ತು."

"ಜಗಳ ಆಡಬೇಕಾದ್ರೆ ಸಂಸಾರ ಇರಬೇಕಲ್ವಾ? ದಾರೀಲಿ ಹೋಗೋಳ ಜೊತೆ ಯಾರಾದರೂ ನಾಲ್ಕು ತಿಂಗಳು ಜಗಳ ಆಡ್ತಾರಾ?"

ಮೇಡಂ ಕ್ಷಣ ಯೋಚಿಸಿದರು. ಮಾತಿನಲ್ಲಿ ಹುರುಳಿದೆ ಅನ್ನಿಸಿತು. "ದಿನಾ ಮನೆಗೆ ಹೋಗಿ ಬರ್ತಿದ್ರಿ ಅಂತ ಸಾಕ್ಷಿ ಇದ್ರೆ ನೋಡೋಣ."

ಟೈಲರಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. "ನಾಲ್ಕೇ ತಿಂಗಳಾ? ಅಯ್ಯೋ ಮೇಡಂ, ಈ ಮನುಷ್ಯ ಪಟ್ಟ ಪಾಡು ಕೇಳಬೇಡಿ! ಮೊದಲನೇ ವರ್ಷ ಅತ್ತೆ ಕಾಟ ತಡೀಲಾರದೆ ಎರಡು ತಿಂಗಳು ನನ್ನ ಅಂಗಡೀಲಿ ಬಟ್ಟೆಗಂಟಿನ ಮೇಲೆ ಮಲಗಿದ್ರು, ಪಾಪ."

ಮೇಡಂ ಬರೆದುಕೊಂಡರು.

"ತಪ್ಪು," ಎಂದು ಹೆಡ್‌ಮಾಸ್ಟರು ಡೈರಿ ತೆಗೆದರು. "ಎರಡಲ್ಲ, ಎರಡೂವರೆ. ತಾರೀಕು ಸಮೇತ ಇದೆ."

ಮೇಡಂ ಅದನ್ನೂ ಬರೆದುಕೊಂಡರು. ಲಿಫ್ಟಣ್ಣನ ದಾಂಪತ್ಯ ಬಿಸಿನೀರಿಗೆ ಬಿದ್ದ ಉಣ್ಣೆಯಂಗಿಯ ಹಾಗೆ ಅವನ ಕಣ್ಣೆದುರೇ ಕುಗ್ಗುತ್ತಿತ್ತು. ಅವನು ಮೇಜಿಗೆ ಗುದ್ದಿದ.

"ಸಾಕು! ನನ್ನ ಬದುಕನ್ನ ಹೀಗೆ ಕತ್ತರಿಸಿ ಕತ್ತರಿಸಿ ಎಸೀಬೇಡಿ. ಈ ಕಚೇರಿ ಲಿಫ್ಟನ್ನ ಹೋದ ವಾರ ಸರಿ ಮಾಡಿದ್ದು ಯಾರು? ನಾನು. ಇವತ್ತು ನೀವು ಅದರಲ್ಲೇ ತಾನೇ ಮೇಲೆ ಬಂದದ್ದು? ಹೆಂಡತಿಯಿಂದ ಬಂದ ಹಕ್ಕು ಅಂತ ಕಾಲಂ ಇಟ್ಟಿದ್ದೀರಿ. ದುಡಿದ ಹಕ್ಕು ಅಂತ ಒಂದು ಕಾಲಂ ಇಲ್ವಾ?"

ಮೇಡಂ ಅರ್ಜಿ ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಲ್ಲ," ಎಂದರು. ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದು ಊರುಗೋಲೊಂದು ಒಳಗೆ ಬಂತು. ಅದರ ಹಿಂದೆ ಅತ್ತೆ. ಟೈಲರಕ್ಕ ಹೊರಡುವ ಮುಂಚೆ ಅವರಿಗೂ ಫೋನು ಮಾಡಿದ್ದಳು.

"ನನ್ನ ಅಳಿಯನ್ನ ಕಳಿಸೋರು ಯಾರದು?"

"ಮಾಜಿ ಅಳಿಯ," ಎಂದು ಮೇಡಂ ತಿದ್ದಿದರು.

"ಮಗಳು ಬಿಟ್ಟಿರಬಹುದು, ನಾನು ಬಿಟ್ಟಿಲ್ಲ! ಪ್ರತಿ ಗುರುವಾರ ಬರ್ತಾನೆ. ಮಾತ್ರೆ ತರ್ತಾನೆ, ಕಿಟಕಿ ಒರೆಸ್ತಾನೆ. ಹೆತ್ತ ಮಗನೂ ಹೀಗೆ ಮಾಡಲ್ಲ."

ಗುರುವಾರ ಅವನು ಹೋಗುತ್ತಿದ್ದುದು ನಿಜ. ಅತ್ತೆ ಇದ್ದ ಕಟ್ಟಡದ ಲಿಫ್ಟಿಗೆ ಎಣ್ಣೆ ಹಾಕಲು ಕಂಪನಿಯವರೇ ಕಳಿಸುತ್ತಿದ್ದರು. ಅತ್ತೆ ಲಿಫ್ಟಿನ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತು ಅವನನ್ನು ಹಿಡಿಯುತ್ತಿದ್ದರು. ಅದನ್ನು ಹೇಳಲು ಅವನು ಬಾಯಿ ತೆರೆದ. ಟೈಲರಕ್ಕ ಅವನ ಕಾಲು ಬಲವಾಗಿ ತುಳಿದಳು.

ಮೇಡಂ ಮುಖ ಅರಳಿತು. ದಪ್ಪ ಪುಸ್ತಕ ತೆರೆದು, ಬೆರಳು ಓಡಿಸಿ, "ಇದೆ! ವಯಸ್ಸಾದ ನಾಗರಿಕರನ್ನ ನೋಡ್ಕೊಳ್ಳೋರಿಗೆ ಬೇರೆ ನಿಯಮ ಇದೆ!" ಎಂದು ಠಪ್ಪನೆ ಮುದ್ರೆ ಒತ್ತಿದರು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಲಿಫ್ಟಣ್ಣನೂ ಅತ್ತೆಗೆ ಕೈ ಮುಗಿದ.

ಹೊರಗೆ ಬಂದು ಪತ್ರದ ಹಿಂಬದಿ ಓದಿದಾಗ ಅದೇ ಕೈ ತಲೆಯ ಮೇಲೆ ಹೋಯಿತು. ಪರವಾನಗಿ ಒಂದು ವರ್ಷಕ್ಕೆ. ಹಿರಿಯರ ಮನೆಯಲ್ಲೇ ವಾಸ. ಪ್ರತಿ ವರ್ಷ ಮನೆಯ ಒಡೆಯರ ಸಹಿ. ಮನೆಯವರೊಂದಿಗೆ ಸೌಹಾರ್ದದಿಂದ ಇರತಕ್ಕದ್ದು.

ಅವನು ಸೀದಾ ಒಳಗೆ ಹೋದ. "ಈ ದಯೆ ಬೇಡ ಮೇಡಂ. ನನಗೆ ನನ್ನ ಹಕ್ಕೇ ಬೇಕು."

"ಹಾಗಾದ್ರೆ ಮೂವತ್ತು ದಿನ."

ಪತ್ರ ವಾಪಸು ಮಡಚಿಕೊಂಡು, ಬಸ್ಸಿನಲ್ಲಿ ಕೂತು ಅವನು ಹಲ್ಲು ಕಚ್ಚಿದ. ಹೊರಗೆ ಹಾಕಬೇಕೆಂದಿದ್ದವರು ಸೋತರು. ಅತ್ತೆಯ ಮನೆಯೂ ಇದೇ ದೇಶದಲ್ಲಿ ತಾನೇ ಇದೆ? ಮುದುಕಿಯೊಬ್ಬಳನ್ನು ಸಹಿಸುವುದು ಯಾವ ದೊಡ್ಡ ಮಾತು! ಸಂಜೆ ಐದಕ್ಕೆ ಹಾಸಿಗೆ ಸುತ್ತಿಕೊಂಡು, ಯುದ್ಧಕ್ಕೆ ಹೊರಟವನಂತೆ ಎದೆಯುಬ್ಬಿಸಿ, ಕರೆಗಂಟೆ ಒತ್ತಿದ.

ಬಾಗಿಲು ತೆರೆದವಳು ಅವನು ವಿಚ್ಛೇದನ ಕೊಟ್ಟ ಹೆಂಡತಿ.

"ನೀನು? ಬೇರೆ ಊರಿಗೆ ಹೋಗಿದ್ದೆಯಲ್ಲ!"

"ವರ್ಗ ಮಾಡಿಸ್ಕೊಂಡು ನಿನ್ನೆ ಬಂದೆ. ನನ್ನ ಮನೆಗೆ ನಾನು ಬರಬಾರದಾ?"

"ನಿನ್ನ ಮನೆ?"

"ಅಮ್ಮ ಇದನ್ನ ನನ್ನ ಹೆಸರಿಗೆ ಬರೆದು ಎರಡು ವರ್ಷ ಆಯ್ತು," ಎಂದು ಅವಳು ಅವನ ಕೈಯಿಂದ ಪತ್ರ ತೆಗೆದುಕೊಂಡಳು. ಷರತ್ತುಗಳನ್ನು ಎರಡು ಸಲ ಓದಿದಳು. ಸೌಹಾರ್ದದ ಸಾಲನ್ನು ಮೂರನೇ ಸಲವೂ ಓದಿದಳು. "ಪರವಾಗಿಲ್ವೇ! ಮದುವೇಲಿ ಇಷ್ಟು ಒಳ್ಳೆ ಷರತ್ತು ಇರ್ಲಿಲ್ಲ."

"ನಾಳೆನೇ ಮೇಲ್ಮನವಿ ಹಾಕ್ತೀನಿ," ಎಂದು ಅವನು ಗುಡುಗಿದ. "ಸುಪ್ರೀಂ ಕೋರ್ಟಿನ ತನಕ ಹೋಗ್ತೀನಿ."

"ಹೋಗಿ ರೀ. ಮೇಲ್ಮನವಿಗೂ ಮನೆ ಒಡೆಯರ ಸಹಿ ಬೇಕಂತೆ, ಇಲ್ಲೇ ಕೆಳಗೆ ಬರೆದಿದೆ," ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು. "ಮೊದಲು ಸ್ಪ್ಯಾನರ್ ತಗೊಂಡು ಅಡುಗೆಮನೆಗೆ ಬನ್ನಿ. ನಲ್ಲಿ ಸೋರ್ತಿದೆ."