ಸೊರಬಕ್ಕೆ ಹೊರಟ ಸಾಹುಕಾರ

ನನ್ನ ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ ಎಂದು ನಾನು ಈಗೀಗ ಯಾರಿಗೂ ಹೇಳುವುದಿಲ್ಲ. ಮೊದಮೊದಲು ಹೇಳುತ್ತಿದ್ದೆ. ಕೇಳಿದವನು ಒಂದು ಕ್ಷಣ ನನ್ನ ಮುಖ ನೋಡುತ್ತಾನೆ, ನಾನು ತಮಾಷೆ ಮಾಡುತ್ತಿಲ್ಲ ಎಂಬುದು ಖಾತ್ರಿಯಾದ ಮೇಲೆ ನಗುತ್ತಾನೆ. ನಿಜವಾಗಿಯೂ ತಮಾಷೆ ಮಾಡಿದ್ದರೆ ಅಷ್ಟು ನಗುತ್ತಿರಲಿಲ್ಲ. ಮನುಷ್ಯರಿಗೆ ಈ ಕಾಯಿಲೆ ಬಂದರೆ ನಮ್ಮ ಕಡೆ ಅದಕ್ಕೊಂದು ಮರ್ಯಾದೆ ಇದೆ. ಮದುವೆ ಊಟದಲ್ಲಿ ಬಡಿಸುವವನು "ನಿಮಗೆ ಶುಗರ್ ಅಲ್ಲೇನ್ರೀ?" ಎಂದು ಬಗ್ಗಿ ಕೇಳಿ, ಹೌದೆಂದರೆ ಎರಡರ ಬದಲು ಒಂದೇ ಹೋಳಿಗೆ ಹಾಕಿ ಮುಂದೆ ಹೋಗುತ್ತಾನೆ. ಬೆಕ್ಕಿಗೆ ಆ ಮರ್ಯಾದೆ ಇಲ್ಲ. ಬೆಕ್ಕಿನ ಯಜಮಾನನಿಗಂತೂ ಇಲ್ಲವೇ ಇಲ್ಲ.

ಶಿಕಾರಿಪುರದಲ್ಲಿ ನನ್ನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಬೆಕ್ಕಿನ ಹೆಸರು ಸಾಹುಕಾರ. ಅದು ನಾನಿಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಗಲ್ಲಾಪೆಟ್ಟಿಗೆಯ ಪಕ್ಕದ ದಿಂಬಿನ ಮೇಲೆ ಅದು ಹೊಟ್ಟೆ ಹರಡಿಕೊಂಡು ಕೂತಿರುತ್ತಿತ್ತು, ನಾನು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಹೊಸಬರು ಬಂದರೆ ಇಬ್ಬರಲ್ಲಿ ಯಾರನ್ನು ಮಾತಾಡಿಸಬೇಕು ಎಂದು ಸ್ವಲ್ಪ ಅನುಮಾನಿಸುತ್ತಿದ್ದರು. ಕಾಯಿಲೆಯ ಸುದ್ದಿ ಹರಡಿದ ಮೇಲೆ ಅಂಜನಾಪುರದಿಂದ ಬರುವ ಹಳೆಯ ಗಿರಾಕಿಯೊಬ್ಬರು ಫುಟ್‌ವಾಲ್ವ್ ಕೊಳ್ಳುವುದನ್ನು ಬಿಟ್ಟು ಅದರ ಎದುರು ಕೈಕಟ್ಟಿ ನಿಂತರು. "ಏನ್ರೀ ಸಾಹುಕಾರ್ರ, ಸಕ್ಕರೆ ಬಂದೈತಂತೆ? ಕೂತಲ್ಲೇ ಕೂತು ತಿಂದ್ರೆ ಬರದೇ ಇರ್ತೈತಾ?" ಎಂದು ವಿಚಾರಿಸಿ, ನನ್ನ ಕಡೆ ತಿರುಗಿ, "ಮುಂದಿನ ಪಾಳಿ ನಿಮ್ದು" ಎಂದರು.

ಕಾಯಿಲೆ ಹೇಗೆ ಬಂತೆಂದು ಶಿವಮೊಗ್ಗದ ಪಶುವೈದ್ಯರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಏನು ತಿನ್ನಲು ಹಾಕುತ್ತೀರಿ ಎಂದು ಕೇಳಿದರು. ಹಾಲು ಅನ್ನ, ಮೊಸರನ್ನ, ಹಬ್ಬವಾದರೆ ತುಪ್ಪ ಹಾಕಿದ ಹೋಳಿಗೆ ಎಂದೆ. "ಬೆಕ್ಕಿಗೆ?" ಎಂದರು. "ನಮ್ಮನೇಲಿ ಎಲ್ರಿಗೂ ಅದೇ ಸರ್" ಎಂದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಬೆಕ್ಕು ಕಟ್ಟಿಕೊಂಡಿರಲಿಲ್ಲವಾದರೂ ಊಟದ ವಿಷಯದಲ್ಲಿ ನಮ್ಮ ಜೊತೆಗೇ ಇತ್ತು. ವೈದ್ಯರು ಅನ್ನ, ಹಾಲು ಎರಡನ್ನೂ ನಿಲ್ಲಿಸಿ ಮೀನಿನ ಡಬ್ಬಿ ಬರೆದುಕೊಟ್ಟರು. ಆ ಡಬ್ಬಿಗಳು ಅಂಗಡಿಯಲ್ಲಿ ಪೈಪಿನ ಎಲ್ಬೋಗಳ ಹಿಂದೆ ಇರುತ್ತವೆ. ದಿನಕ್ಕೊಂದನ್ನು ಪೇಪರಿನಲ್ಲಿ ಸುತ್ತಿ ಮನೆಯ ಹಿತ್ತಲಿಗೆ ಒಯ್ಯುತ್ತೇನೆ. ನನ್ನ ಅವ್ವ ಅದನ್ನು 'ಔಷಧಿ ಡಬ್ಬಿ' ಎನ್ನುತ್ತಾಳೆ. ಒಳಗೆ ಏನಿದೆ ಎಂದು ಅವ್ವನಿಗೆ ಗೊತ್ತು. ಅವಳಿಗೆ ಗೊತ್ತಿದೆ ಎಂದು ನನಗೂ ಗೊತ್ತು. ಆ ವಿಷಯವನ್ನು ನಾವು ಅಷ್ಟಕ್ಕೇ ಬಿಟ್ಟಿದ್ದೇವೆ.

ಡಬ್ಬಿಯ ಜೊತೆಗೆ ಬೆಳಿಗ್ಗೆ, ಸಂಜೆ ಇನ್ಸುಲಿನ್ ಸೂಜಿ. ವೈದ್ಯರು ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿದ್ದರು. ಮೊದಲು ಊಟ, ಆಮೇಲೆ ಸೂಜಿ. ಹೊಟ್ಟೆಯಲ್ಲಿ ಏನೂ ಇಲ್ಲದೆ ಸೂಜಿ ಕೊಟ್ಟರೆ ಮೈಯಲ್ಲಿರುವ ಸಕ್ಕರೆಯೆಲ್ಲ ಇಳಿದುಹೋಗುತ್ತದೆ, ಪ್ರಾಣಿ ಉಳಿಯುವುದಿಲ್ಲ. ಈ ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಎಲ್ಲರಿಗೂ ಅರ್ಥವಾಗಿತ್ತು. ಮುಂದೆ ನಡೆದದ್ದು ಅರ್ಥವಾಗದೆ ನಡೆದದ್ದಲ್ಲ. ನನಗೆ ಈಗಲೂ ನುಂಗಲಾಗದಿರುವುದು ಅದೇ.

ಸೊರಬದಲ್ಲಿ ನನ್ನ ಹೆಂಡತಿ ಗಿರಿಜೆಯ ಅಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಉಳಿಯಬೇಕು. ಉಳಿದರೆ ಬೆಕ್ಕಿಗೆ ಸೂಜಿ ಚುಚ್ಚುವವರು ಯಾರು? ಅವ್ವನನ್ನು ಕೇಳಿದೆ. ಮೊಣಕಾಲು ನೋವೆಂದು ಅವಳು ಹೇಗೂ ಬರುವವಳಿರಲಿಲ್ಲ. "ಇದು ಸೂಜಿ ಹಿಡಿಯೋ ಕೈ ಅಲ್ಲಪ್ಪ" ಎಂದು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಹೀಗಾಗಿ ಸಾಹುಕಾರ ನಮ್ಮ ಜೊತೆ ಕಾರಿನಲ್ಲಿ ಬರುವುದು ಎಂದಾಯಿತು. ಬೆಕ್ಕು ಒಯ್ಯುವ ಬುಟ್ಟಿ ನಮ್ಮೂರಲ್ಲಿ ಸಿಗುವುದಿಲ್ಲ. ಟೊಮೆಟೊ ಕ್ರೇಟಿನಲ್ಲಿ ದಿಂಬು ಹಾಸಿ, ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿ, ಬೋರ್‌ವೆಲ್ಲಿಗೆ ಮೋಟಾರು ಇಳಿಸುವ ಹಗ್ಗದಿಂದ ಬಿಗಿದೆ. "ಬೆಕ್ಕಿಗೆ ಇಷ್ಟು ಹಗ್ಗನಾ? ಇದೇನ್ ಬೋರ್‌ನ್ಯಾಗ ಇಳಿಸ್ತೀರಾ?" ಎಂದಳು ಗಿರಿಜೆ.

ಆ ಬೆಳಿಗ್ಗೆಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ನೋಡಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಕ್ರಮವಾಗಿಯೇ ಹೇಳುತ್ತೇನೆ. ಹಿತ್ತಲಲ್ಲಿ ಡಬ್ಬಿ ತೆರೆದು ತಟ್ಟೆಗೆ ಹಾಕಿದೆ. ಬೆಕ್ಕು ತಿಂದಿತು. ತಟ್ಟೆ ಖಾಲಿಯಾದದ್ದನ್ನು ನೋಡಿ ಸೂಜಿ ಕೊಟ್ಟೆ. ಬಟ್ಟೆ ಹಾಕಿಕೊಳ್ಳಲು ಒಳಗೆ ಹೋದೆ. ಬಂದು ಬೆಕ್ಕನ್ನು ಎತ್ತಿ ಕ್ರೇಟಿಗೆ ಹಾಕಿದೆ. ಕ್ರೇಟು ಹಿಂದಿನ ಸೀಟಿನಲ್ಲಿ, ಗಿರಿಜೆ ಅದರ ಪಕ್ಕದಲ್ಲಿ. ಕಾರು ಹೊರಟಾಗ ಕನ್ನಡಿಯಲ್ಲಿ ಅವ್ವ ಕಂಡಳು. ಹೊಸ್ತಿಲ ಆಚೆ ನಿಂತಿದ್ದವಳು ಕೈಯನ್ನು ಅರ್ಧ ಎತ್ತಿ, ಅಲ್ಲಿಂದ ಬಾಯಿಗೆ ತಂದು ಮುಚ್ಚಿಕೊಂಡಳು.

"ಅವ್ವ ಏನೋ ಹೇಳಾಕೆ ಬಂದಂಗಿತ್ತಲ್ಲ?" ಎಂದೆ.

"ಟಾಟಾ ಮಾಡಿರ್ತಾರೆ, ನಡೀರಿ" ಎಂದಳು ಗಿರಿಜೆ.

ನಡೆದೆವು. ಶಿರಾಳಕೊಪ್ಪದವರೆಗೆ ಸಾಹುಕಾರ ಒಂದೇ ಸಮನೆ ಕೂಗಿತು. ನೀರಿಲ್ಲದ ಬಾವಿಯಲ್ಲಿ ಓಡುವ ಮೋಟಾರಿನ ಸದ್ದು ಕೇಳಿದವರಿಗೆ ಆ ಕೂಗು ಅರ್ಥವಾದೀತು. ನಾನು ಬೈದೆ. ಹಾಡು ಹಾಕಿದೆ. ಹಾಡಿಗಿಂತ ಬೆಕ್ಕೇ ಮೇಲೆಂದು ಹಾಡನ್ನು ಆರಿಸಿದೆ. ಶಿರಾಳಕೊಪ್ಪ ದಾಟಿದ ಮೇಲೆ ಕೂಗು ಸಣ್ಣದಾಯಿತು, ಆಮೇಲೆ ನಿಂತಿತು. "ಪಾಪ, ಮಲಗ್ತು" ಎಂದಳು ಗಿರಿಜೆ. ನನಗೆ ಬಹಳ ಸಂತೋಷವಾಯಿತು. ಕಿಟಕಿಯ ಗಾಜು ಇಳಿಸಿ ಗಾಳಿ ತೆಗೆದುಕೊಂಡೆ, ಗದ್ದೆ ನೋಡಿದೆ, ಸಿಳ್ಳೆ ಕೂಡ ಹಾಕಿದೆ. ಆ ಸಿಳ್ಳೆ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಸ್ವಲ್ಪ ದೂರ ಹೋದ ಮೇಲೆ ಕ್ರೇಟಿನಿಂದ ಉಗುರು ಕೆರೆಯುವ ಸದ್ದು ಬಂತು. ಹೊರಗೆ ಬರಲು ಕೆರೆಯುವ ಸದ್ದಲ್ಲ. ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಬರುತ್ತಿತ್ತು. ಗಿರಿಜೆ "ರೀ, ನಿಲ್ಲಿಸ್ರಿ" ಎಂದಳು. ಅವಳ ದನಿ ಕೇಳಿಯೇ ನಿಲ್ಲಿಸಿದೆ. ಹಗ್ಗ ಬಿಚ್ಚಿದೆವು. ಸಾಹುಕಾರ ಮಗ್ಗುಲಾಗಿ ಬಿದ್ದಿತ್ತು. ಕಣ್ಣು ತೆರೆದಿತ್ತು, ಆದರೆ ಎದುರಿಗೆ ಬೆರಳಾಡಿಸಿದರೆ ಮಿಟುಕಲಿಲ್ಲ. ಬಾಯಿಯಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು. ಕಾಲುಗಳು ತಾವಾಗಿಯೇ ಅದುರುತ್ತಿದ್ದವು. ವೈದ್ಯರಿಗೆ ಫೋನು ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ ಅವರು, "ಸಕ್ಕರೆ ಪೂರ್ತಿ ಇಳಿದಿದೆ. ಸಕ್ಕರೆ, ಬೆಲ್ಲ, ಜೇನು, ಏನಾದ್ರೂ ಸಿಹಿ ತಗೊಂಡು ಒಸಡಿಗೆ ಹಚ್ಚಿ. ಬಾಯಿಗೆ ಸುರೀಬೇಡಿ, ಹಚ್ಚಿ. ಈಗಲೇ" ಎಂದರು.

ಕಾರಿನಲ್ಲಿ ಬೆಳ್ಳಿಯ ಕುಂಕುಮದ ಭರಣಿ ಇತ್ತು, ಗೋಡೆ ಗಡಿಯಾರವಿತ್ತು, ಸೀರೆ ಇತ್ತು. ಸಿಹಿ ಇರಲಿಲ್ಲ. ಬೆಕ್ಕಿನ ದೆಸೆಯಿಂದ ನಮ್ಮ ಮನೆಯಲ್ಲಿ ಸಿಹಿ ಬಚ್ಚಿಡುವುದು ರೂಢಿಯಾಗಿ, ಆಮೇಲೆ ತರುವುದೇ ನಿಂತುಹೋಗಿತ್ತು. ಮುಂದೆ ತಿರುವಿನಲ್ಲಿ ಮರದ ಕೆಳಗೊಂದು ಕಬ್ಬಿನ ಹಾಲಿನ ಗಾಡಿ ಕಂಡಿತು. ಕಾರು ಬಿಟ್ಟು ಓಡಿದೆ. "ಒಂದು ಗ್ಲಾಸ್ ಬೇಗ ಕೊಡ್ರಿ, ಬೆಕ್ಕಿಗೆ!"

ಗಾಡಿಯವನು ಜಲ್ಲೆಯನ್ನು ಯಂತ್ರದೊಳಗೆ ಅರ್ಧ ತೂರಿಸಿ ನಿಲ್ಲಿಸಿದ. "ಬೆಕ್ಕಿಗಾ?"

"ಹೌದ್ರಿ, ಅದಕ್ಕೆ ಸಕ್ಕರೆ ಕಾಯಿಲೆ. ಸಾಯಾಕ್ ಬಿದ್ದೈತಿ."

"ಸಕ್ಕರೆ ಕಾಯಿಲೆ ಇದ್ದದ್ದಕ್ಕೆ ಕಬ್ಬಿನ ಹಾಲಾ?" ಅವನು ಯಂತ್ರವನ್ನೇ ಆರಿಸಿಬಿಟ್ಟ. "ನಾ ಕೊಡಲ್ರಿ. ನಮ್ಮಪ್ಪಗೂ ಶುಗರ್ ಐತಿ, ಡಾಕ್ಟ್ರು ಇದರ ಕಡೆ ನೋಡಾಕೂ ಬಿಡಬ್ಯಾಡ ಅಂದಾರ. ಆ ಪಾಪ ನನಗ್ಯಾಕ್ರಿ? ಕೊಲ್ಲೋದಿದ್ರ ಬ್ಯಾರೆ ಕಡೆ ಕೊಲ್ಲ್ರಿ."

ನಾನು ವಿವರಿಸಲು ಹೊರಟೆ. ಏರುವ ಸಕ್ಕರೆ ಬೇರೆ, ಇಳಿಯುವ ಸಕ್ಕರೆ ಬೇರೆ, ಇದು ಇಳಿದದ್ದು ಎಂದು ಕೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದೆ. ಅವನು ನನ್ನ ಕೈಯನ್ನೇ ನೋಡುತ್ತ, "ನೀವೇ ಹೇಳ್ತೀರಿ ಕಾಯಿಲೆ ಐತಿ ಅಂತ" ಎಂದ. ನನ್ನ ಮಾತು ಎಷ್ಟು ಸರಿಯಾಗುತ್ತ ಹೋಯಿತೋ ಅವನ ಮುಖ ಅಷ್ಟೇ ಗಟ್ಟಿಯಾಗುತ್ತ ಹೋಯಿತು. ಗಿರಿಜೆ ಕಾರಿನಿಂದ ಇಳಿದು ಬಂದಳು. ನನ್ನ ಕಡೆ ನೋಡಲಿಲ್ಲ.

"ಅಣ್ಣಾ, ಬೆಕ್ಕಿಗೆ ಬ್ಯಾಡ. ನನಗೊಂದು ಗ್ಲಾಸ್ ಕೊಡು."

"ಕೊಡ್ತೀನಕ್ಕ. ಐಸು? ಲಿಂಬೆಹಣ್ಣು?"

"ಏನೂ ಬ್ಯಾಡ."

ಯಂತ್ರ ಚಾಲೂ ಆಯಿತು. ಗಿರಿಜೆ ಗ್ಲಾಸು ಹಿಡಿದು ಕಾರಿಗೆ ಬಂದು, ಬೆರಳು ಅದ್ದಿ ಸಾಹುಕಾರನ ತುಟಿ ಎತ್ತಿ ಒಸಡಿಗೆ ಹಚ್ಚಿದಳು. ಮತ್ತೆ ಅದ್ದಿದಳು, ಹಚ್ಚಿದಳು. ನಾನು ತಲೆ ಹಿಡಿದುಕೊಂಡಿದ್ದೆ, ಬೆಕ್ಕಿನದು. ಬಹಳ ಹೊತ್ತು ಏನೂ ಆಗಲಿಲ್ಲ. ರಸ್ತೆಯಲ್ಲಿ ಬಸ್ಸು ಹೋಯಿತು. ಆಮೇಲೆ ಅದರ ನಾಲಗೆಯ ತುದಿ ಹೊರಗೆ ಬಂದು ಗಿರಿಜೆಯ ಬೆರಳನ್ನು ಮುಟ್ಟಿತು. ಅವಳು ಅಳಲು ಶುರುಮಾಡಿದಳು. ಅಳುತ್ತಲೇ ಹಚ್ಚುತ್ತಿದ್ದಳು. ಕೊನೆಗೆ ಸಾಹುಕಾರ ತಲೆ ಎತ್ತಿ, ನಮ್ಮನ್ನು ಗುರುತಿಸಿ, ಗುರುತಿಸಿದ್ದಕ್ಕೆ ಬೇಸರಪಟ್ಟುಕೊಂಡಂತೆ ಮುಖ ತಿರುಗಿಸಿತು.

ಬೆನ್ನ ಹಿಂದೆ ಗಾಡಿಯವನು ನಿಂತಿದ್ದ. ಎಲ್ಲವನ್ನೂ ನೋಡಿದ್ದ. "ಅಬ್ಬಾ! ಕಬ್ಬಿನ ಹಾಲಿಗೆ ಶುಗರ್ ಬಿಟ್ಟೇ ಹೋತಲ್ರಿ!" ಎಂದ. ಹಾಗಲ್ಲ ಮಾರಾಯ, ನಿಮ್ಮಪ್ಪನಿಗೆ ಮಾತ್ರ ಕೊಡಬೇಡ ಎಂದು ನಾನು ಮತ್ತೆ ಕೈ ಮೇಲೆ ಕೆಳಗೆ ಆಡಿಸಿದೆ. "ಕಣ್ಣಾರೆ ಕಂಡಿನಲ್ರಿ" ಎಂದು ನಗುತ್ತ ಹೋದ. ಕಣ್ಣಾರೆ ಕಂಡವರಿಗೆ ತಿಳಿಹೇಳುವುದು ನನ್ನಿಂದ ಆಗದ ಕೆಲಸ.

ಸೊರಬದಲ್ಲಿ ಹೊಸ ಮನೆಯ ಚಪ್ಪರದ ಹಿಂದೆ ಕಾರು ನಿಲ್ಲಿಸಿ, ಗಾಜು ಏರಿಸಿ, ಒಳಗೇ ಡಬ್ಬಿ ತೆರೆದು ತಿನ್ನಿಸಿದೆವು. ಗೃಹಪ್ರವೇಶಕ್ಕೆ ಮೀನಿನ ವಾಸನೆ ಹೊತ್ತು ಬಂದ ಮೊದಲ ನೆಂಟರು ನಾವೇ ಇರಬೇಕು. ಗಿರಿಜೆಯ ಅಕ್ಕ ಕ್ರೇಟು ಇಣುಕಿ ನೋಡಿ, "ಗುಡವಿ ಪಕ್ಷಿಧಾಮದ ಹಕ್ಕಿ ತೋರ್ಸ್ಲಿಕ್ಕೆ ಕರ್ಕೊಂಡ್ ಬಂದ್ರಾ ಮಾರಾಯ್ರೆ?" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕೊಟ್ಟ ಕಾಫಿಯನ್ನು ಒಂದೇ ಉಸಿರಿಗೆ ಕುಡಿದೆ. ಸಕ್ಕರೆ ಹಾಕಿದ ಕಾಫಿ.

ಮುಟ್ಟಿದೆವೆಂದು ತಿಳಿಸಲು ಅವ್ವನಿಗೆ ಫೋನು ಮಾಡಿದೆ. ಎಂದಿನಂತೆ ಊಟವಾಯಿತಾ, ಜನ ಎಷ್ಟು ಸೇರಿದ್ದಾರೆ ಎಂದು ಕೇಳಲಿಲ್ಲ. "ಬೆಕ್ಕು ಹೆಂಗೈತಿ?" ಎಂದಳು.

"ಜೀವ ಐತಿ" ಎಂದೆ. "ನಿನಗೆ ಹೆಂಗ್ ಗೊತ್ತಾತವ್ವ?"

ಅವ್ವ ಹೇಳಿದಳು. ನಾನು ಬಟ್ಟೆ ಹಾಕಿಕೊಳ್ಳಲು ಒಳಗೆ ಹೋಗಿದ್ದಾಗ ಬೆಕ್ಕು ಒಗೆಯುವ ಕಲ್ಲಿನ ಪಕ್ಕ ತಿಂದದ್ದನ್ನೆಲ್ಲ ಕಕ್ಕಿತ್ತು. ನಾವು ಹೊಸ್ತಿಲು ದಾಟಿದ ಮೇಲೆ ಅವಳು ಅದನ್ನು ನೋಡಿದಳು. ಬಾಗಿಲಿಗೆ ಬಂದಳು. ಅಷ್ಟರಲ್ಲಿ ಕಾರು ಹೊರಟಿತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು.

"ಫೋನಾರ ಮಾಡಬಾರದೇನವ್ವ?"

"ಫೋನ್ ಮಾಡಿದ್ರೂ ಹಿಂದಿಂದ ಕರೆದಂಗ ಅಲ್ಲೇನಪ್ಪ? ಗಾಡಿ ಮ್ಯಾಲಿದ್ರಿ. ನಿಮಗೇನಾರ ಆಗಿದ್ರ?" ಅವ್ವನ ದನಿ ಸಣ್ಣದಾಯಿತು. "ಬೆಕ್ಕೋ, ನೀವೋ ಅಂತ ನೋಡಿದೆ. ಬೆಳಗಿಂದ ನನ್ನ ಬಾಯಿಗೆ ನೀರು ಬಿದ್ದಿಲ್ಲ."

ನಮ್ಮಿಬ್ಬರ ಪ್ರಾಣಕ್ಕೆ ಸಾಹುಕಾರನ ಪ್ರಾಣವನ್ನು ಅಡವಿಟ್ಟು ಅವಳು ಉಪವಾಸ ಕೂತಿದ್ದಳು. ಸಿಟ್ಟು ಮಾಡುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಊಟ ಮಾಡು ಎಂದು ಹೇಳಿ ಫೋನಿಟ್ಟೆ. ಆ ರಾತ್ರಿ ಊಟದಲ್ಲಿ ನನ್ನ ಷಡ್ಡಕ, ಅಂದರೆ ಹೊಸ ಮನೆಯ ಯಜಮಾನರು, ಸ್ವತಃ ಶುಗರಿನ ಮಾತ್ರೆ ನುಂಗುವವರು, ಮೂರನೆಯ ಹೋಳಿಗೆಗೆ ಕೈಚಾಚಿ, "ನಿಮ್ಮ ಬೆಕ್ಕು ಕಬ್ಬಿನ ಹಾಲು ಕುಡಿದು ಎದ್ದು ಕೂತ್ಕಂಡ್ತಂತೆ! ಈ ಡಾಕ್ಟ್ರು ಮಾತೆಲ್ಲ ಇಷ್ಟೇಯ" ಎಂದರು. ಆಗ ನನ್ನ ಕೈ ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ.

ಊರಿಗೆ ಬಂದವನೇ ಮನೆಯಲ್ಲಿ ಕಾನೂನು ಮಾಡಿದೆ. ಇನ್ನು ಮುಂದೆ ಯಾರೇ ಹೊರಟರೂ, ಏನೇ ಮರೆತರೂ, ಹಿಂದಿನಿಂದ ಕರೆಯಬೇಕು. ಕೂಗಿ ಕರೆಯಬೇಕು. ಇದು ಯಾವ ಕಾಲ, ನೀವು ಯಾವ ಕಾಲದಲ್ಲಿದ್ದೀರಿ ಎಂದು ಸಾಕಷ್ಟು ದೊಡ್ಡ ಭಾಷಣವನ್ನೇ ಮಾಡಿದೆ. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡು, "ಆತಪ್ಪ, ಕರೀತೀನಿ" ಎಂದಳು.

ಮೊನ್ನೆ ಸಾಹುಕಾರನನ್ನು ಮತ್ತೆ ತೋರಿಸಲು ಶಿವಮೊಗ್ಗಕ್ಕೆ ಹೊರಟೆ. ಕ್ರೇಟು ಹಿಂದಿನ ಸೀಟಿನಲ್ಲಿತ್ತು. ಹೊಸ್ತಿಲು ದಾಟಿ ಕಾರಿನ ಬಾಗಿಲಿಗೆ ಕೈಹಾಕಿದ್ದೆ. ಬೆನ್ನ ಹಿಂದಿನಿಂದ "ತಮ್ಮಾ! ನಿಲ್ಲು!" ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು. ತಿರುಗಿದ ನನ್ನ ಬಾಯಿಂದ ಮೊದಲು ಬಂದ ಮಾತು, "ಹೊರಡೋ ಹೊತ್ತಿಗೆ ಯಾಕವ್ವ ಕರೀತಿ!"

ಅವ್ವ ಕೈಯಲ್ಲಿದ್ದ ಇನ್ಸುಲಿನ್ನಿನ ಚೀಲವನ್ನು ಮುಂದೆ ಹಿಡಿದಳು. ಫ್ರಿಜ್ಜಿನಿಂದ ತೆಗೆದುಕೊಳ್ಳುವುದನ್ನು ನಾನು ಮರೆತಿದ್ದೆ.

ಚೀಲ ತೆಗೆದುಕೊಂಡೆ. ಆದರೆ ಕಾರು ಹತ್ತಲಿಲ್ಲ. ಒಳಗೆ ಬಂದೆ, ಕುರ್ಚಿಯಲ್ಲಿ ಕೂತೆ, ಗಿರಿಜೆ ತಂದಿಟ್ಟ ನೀರನ್ನು ನಿಧಾನವಾಗಿ ಕುಡಿದೆ, ಇನ್ನೂ ಸ್ವಲ್ಪ ಹೊತ್ತು ಕೂತೆ. ಹಿಂದಿನಿಂದ ಕರೆಸಿಕೊಂಡವರು ಹಾಗೆ ಮಾಡಿಯೇ ಮತ್ತೆ ಹೊರಡಬೇಕು. ಕಾರಿನಲ್ಲಿ ಸಾಹುಕಾರ ಕೂಗುತ್ತಲೇ ಇತ್ತು.

ಆಮೇಲೆ ಅವ್ವ ನನ್ನನ್ನು ಮತ್ತೆ ಕರೆದಿಲ್ಲ. ಕರೆ ಎಂದು ಹೇಳುವ ಮುಖ ನನಗೂ ಉಳಿದಿಲ್ಲ. ಈಗ ಎಲ್ಲಿಗೆ ಹೊರಟರೂ ಕಾರು ಹತ್ತುವ ಮೊದಲು ಒಮ್ಮೆ ತಿರುಗಿ ಅವಳ ಮುಖ ನೋಡುತ್ತೇನೆ. ಕೈ ಬಾಯಿಯ ಮೇಲಿದ್ದರೆ, ಏನು ಮರೆತೆ ಎಂದು ನಾನೇ ಹುಡುಕಿಕೊಳ್ಳುತ್ತೇನೆ.